ಕೆಂಪು ಮೂಲೆಯ ಕಾರ್ಡುಗಳು

ಬೆಳಿಗ್ಗೆಯಿಂದ ಕೆಲ್ಲರ್ ಖಾಲಿ ಮಾಡುತ್ತಿದ್ದೆ. ಕಟ್ಟಡದ ನೆಲಮಾಳಿಗೆಯಲ್ಲಿ ಮನೆಗೊಂದರಂತೆ ಕೊಡುವ ಗೂಡು ಅದು. ಬೇಡದ್ದನ್ನೆಲ್ಲ ಮುಂದೆ ಬೇಕಾದೀತು ಎಂದು ತುಂಬಿಡುವ ಜಾಗ. ಸೈಕಲ್ ಪಂಪಿನ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ದಾಲ್ಚಿನ್ನಿ ಮತ್ತು ಹಳೇ ಕಾಗದ ಬೆರೆತ ವಾಸನೆ. ಮನೆ ಬಿಡುವ ದಿನ ಇಂಥ ಡಬ್ಬಿ ತೆಗೆಯಬಾರದು, ನೋಡಿ. ಕೆಲಸ ಅಲ್ಲಿಗೇ ನಿಂತಿತು.

ಒಳಗಿದ್ದವರು ಹತ್ತೊಂಬತ್ತನೇ ಶತಮಾನದ ಅಮೆರಿಕದ ರಾಜ್ಯಗಳ ಗವರ್ನರುಗಳು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಜರ್ಮನಿಯ ಎರ್ಲಾಂಗೆನ್ನಿನ ಈ ಕಟ್ಟಡದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಫ್ರಾವ್ ಲಿಂಡ್ನರ್ ಎಂಬ ನಿವೃತ್ತ ಲೈಬ್ರರಿಯನ್ ಬರೆದಿಟ್ಟದ್ದು. ಗವರ್ನರು ಏನು ಸಾಧಿಸಿದ, ಯಾವ ಸೇತುವೆ ಕಟ್ಟಿಸಿದ ಎಂಬುದು ಅವರಿಗೆ ಬೇಡ. ಕುರ್ಚಿಗೆ ಹೇಗೆ ಬಂದ, ಅಷ್ಟೇ. ಜನ ಓಟು ಹಾಕಿ ತಂದವನ ಕಾರ್ಡಿಗೆ ನೀಲಿ ಮೂಲೆ. ಶಾಸನಸಭೆ ಆರಿಸಿದವನಿಗೆ ಹಸಿರು. ಆಗ ಎಷ್ಟೋ ರಾಜ್ಯಗಳಲ್ಲಿ ಜನರನ್ನು ಕೇಳುತ್ತಲೇ ಇರಲಿಲ್ಲವಂತೆ. ಮೇಲಿನವನು ಸತ್ತನೆಂದೋ ರಾಜೀನಾಮೆ ಕೊಟ್ಟನೆಂದೋ ಬಂದು ಕೂತವನಿಗೆ ಕೆಂಪು. ಇದೆಲ್ಲ ಯಾತಕ್ಕೆ ಎಂದು ಕೇಳಿದರೆ, "ನನ್ನ ಗಂಡ ಅಂಚೆಚೀಟಿ ಕೂಡಿಸುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ" ಎನ್ನುತ್ತಿದ್ದರು.

ನಾನೂ ಒಬ್ಬ ಕೆಂಪು ಮೂಲೆಯವನೇ. ಇಲ್ಲಿ ಕನ್ನಡ ಸಂಘವನ್ನು ಫೆರೈನ್, ಅಂದರೆ ಕಾನೂನುಬದ್ಧ ಸಂಸ್ಥೆ, ಎಂದು ನೋಂದಾಯಿಸಲು ಏಳು ಮಂದಿ ಬೇಕು. ಆರು ಮಂದಿ ಸಿಕ್ಕಿದ್ದರು. ಅಧ್ಯಕ್ಷನಾಗಲಿದ್ದ ಗೆಳೆಯ ರಘು ಒಂದು ದಿನ ನನ್ನ ಸೈಕಲ್ಲಿಗೇ ಅಡ್ಡ ನಿಂತ. "ವೈಸ್ ಪ್ರೆಸಿಡೆಂಟ್ ಅಂತ ಹಾಕ್ತೀನಿ ಗುರು. ಹೆಸರಿಗಷ್ಟೇ. ಒಂದ್ ಸೈನ್ ಹಾಕು, ಆಮೇಲೆ ಫೋಟೋಲಿ ನಿಂತ್ಕೊ, ಸಾಕು." ಎರಡು ವರ್ಷ ಫೋಟೋದಲ್ಲಿ ಚೆನ್ನಾಗಿಯೇ ನಿಂತೆ. ಮೂರನೇ ವರ್ಷ ರಘುವಿನ ಹೆಂಡತಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಒಂದೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಹೊರಟ. ಸಂಘದ ನಿಯಮದಂತೆ ಕುರ್ಚಿ ನನ್ನ ತಲೆಗೆ ಬಂತು. ಹೆಂಡತಿಯ ಮಾತು ಕೇಳಿ ಓಡಿಹೋದ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಅವನನ್ನು ಆಡಿಕೊಂಡೆ.

ಆಗಲೇ ಭಾನುವಾರದ ಕನ್ನಡ ತರಗತಿಯ ಹಾಲ್‌ಗೆ ಹೊಸ ಕರಾರು ಆಗಬೇಕಿತ್ತು. ಅಧ್ಯಕ್ಷರ ಸಹಿ ಬೀಳದಿದ್ದರೆ ಹನ್ನೊಂದು ಮಕ್ಕಳ ತರಗತಿ ನಿಂತುಹೋಗುತ್ತಿತ್ತು. ನನ್ನ ಮಗಳೂ ಅವರಲ್ಲಿ ಒಬ್ಬಳು. ವಾರವೆಲ್ಲ ಜರ್ಮನ್‌ನಲ್ಲೇ ಉತ್ತರ ಕೊಡುವವಳು ಭಾನುವಾರ ಮಾತ್ರ "ಅಪ್ಪ, ಹಸಿವು" ಎನ್ನುತ್ತಿದ್ದಳು. ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಅಲ್ಲ ಸ್ವಾಮಿ, ನಿಮ್ಮನ್ನ ಯಾರು ಎಲೆಕ್ಟ್ ಮಾಡಿದ್ರು?" ಎಂದರು. ನಿಜವೇ, ಯಾರೂ ಮಾಡಿರಲಿಲ್ಲ. ಮೈಯೆಲ್ಲ ಉರಿಯಿತು. ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೆ.

ಮೆಟ್ಟಿಲ ಮೇಲೆ ಎದುರಾದ ಫ್ರಾವ್ ಲಿಂಡ್ನರ್ ನನ್ನ ಮುಖ ನೋಡಿ ಒಳಗೆ ಕರೆದು ಕೂರಿಸಿದರು. ನನ್ನ ಹರಕು ಜರ್ಮನ್‌ನಲ್ಲಿ ಎಲ್ಲ ಹೇಳಿಕೊಂಡೆ. ಅವರು ಡಬ್ಬಿ ತೆಗೆದು ಕೆಂಪು ಮೂಲೆಯವನ್ನಷ್ಟೇ ಆರಿಸಿ ಇಸ್ಪೀಟಿನ ಎಲೆಗಳ ಹಾಗೆ ಹರಡಿದರು. ಮೇಜು ತುಂಬಿತು. ಇಷ್ಟೊಂದು ಜನವೇ!

"ನಿಮ್ಮನ್ನು ಯಾರು ಆರಿಸಿದರು ಅಂತ ಇವರನ್ನೂ ಕೇಳಿರುತ್ತಾರೆ," ಎಂದರು. "ಒಂದು ದಿನ ಕೇಳುತ್ತಾರೆ. ಮಾರನೆಯ ದಿನ ಅರ್ಜಿ ಹಿಡಿದು ಬರುತ್ತಾರೆ. ಆವತ್ತು ಬಾಗಿಲು ತೆಗೆಯಲು ಒಬ್ಬ ಇರಬೇಕು, ಅಷ್ಟೇ."

ಕರಾರಿಗೆ ಸಹಿ ಹಾಕಿದೆ. ಮುಂದಿನ ಭಾನುವಾರ ಹಾಲ್‌ನ ಬೀಗ ತೆಗೆಯುತ್ತಿದ್ದರೆ, ಸಭೆಯಲ್ಲಿ ಎದ್ದು ನಿಂತಿದ್ದ ಅದೇ ಮಹಾನುಭಾವರು ಮಗನ ಕೈ ಹಿಡಿದು ಕಾದಿದ್ದರು. "ಅಧ್ಯಕ್ಷರೇ, ಹೀಟರ್ ಸ್ವಲ್ಪ ನೋಡ್ಸಿ. ಮಕ್ಕಳು ನಡುಗ್ತಾವೆ." ಅರ್ಜಿ ಬಂದೇಬಿಟ್ಟಿತ್ತು.

ಆಮೇಲೆ ಎರಡು ಚುನಾವಣೆ ಗೆದ್ದೆ. ಎದುರಿಗೆ ಯಾರೂ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಮಗಳು ಈಗ ಮೈಸೂರಿನ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಜಗಳವಾಡುತ್ತಾಳೆ. ಹೋದ ವರ್ಷ ಫ್ರಾವ್ ಲಿಂಡ್ನರ್ ತಮ್ಮ ಮಗಳ ಊರಿಗೆ ಹೊರಟಾಗ ಈ ಡಬ್ಬಿಯನ್ನು ನನ್ನ ಕೈಗಿಟ್ಟರು. ಅವರಿಂದ ನನಗಾದ ಉಪಕಾರವನ್ನು ಹೇಳಲು ನನ್ನ ಜರ್ಮನ್ ಆವತ್ತೂ ಸಾಲಲಿಲ್ಲ.

ಈಗ ನನ್ನ ಹೆಂಡತಿಗೆ ಫ್ರಾಂಕ್‌ಫರ್ಟಿನಲ್ಲಿ ಕೆಲಸ ಸಿಕ್ಕಿದೆ. ಅವಧಿ ಮುಗಿಯುವ ಮೊದಲೇ ನಾನೂ ಹೊರಟಿದ್ದೇನೆ. ಹೌದು, ನಗಿ. ಕುರ್ಚಿ ಉಪಾಧ್ಯಕ್ಷೆ ನಸ್ರೀನ್ ಪಾಲಿಗೆ ಬಂದಿದೆ. ಧಾರವಾಡದ ಹುಡುಗಿ, ಇಂಜಿನಿಯರ್. ನಿನ್ನೆ ಫೋನಿನಲ್ಲಿ, "ನನ್ನ ಯಾರೂ ಆರಿಸಿಲ್ರೀ ಸರ. ಮಂದಿ ಏನಂತಾರ? ನಾ ಒಲ್ಲೆ" ಎಂದಿದ್ದಳು.

ಅವಳಿಗೆ ತೋರಿಸೋಣವೆಂದು ಒಂದು ಕೆಂಪು ಕಾರ್ಡು ಎತ್ತಿದೆ. ಕೈಜಾರಿ ಮಗುಚಿ ಬಿತ್ತು. ಹಿಂಬದಿಯಲ್ಲೂ ಬರವಣಿಗೆ! ಇಷ್ಟು ವರ್ಷ ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಮೊದಲಿದ್ದವನು ಯಾಕೆ ಹೋದ ಎಂಬುದನ್ನು ಅಲ್ಲಿ ಬರೆದಿದ್ದರು. ಒಬ್ಬ ಸೆನೆಟ್‌ಗೆ ಹೋದ. ಒಬ್ಬನಿಗೆ ಕಾಯಿಲೆ. ಒಬ್ಬ ಮನೆಯವರ ಜೊತೆ ಇರಬೇಕಾಯಿತು. ಓಡಿಹೋದ ಎಂದು ಯಾರ ಕಾರ್ಡಿನಲ್ಲೂ ಇರಲಿಲ್ಲ. ನಾಚಿಕೆಯಾಯಿತು.

ಮಧ್ಯಾಹ್ನ ನಸ್ರೀನ್ ಬಂದಳು. ಕೆಂಪು ಕಾರ್ಡುಗಳನ್ನು ಹರಡಿ, ಫ್ರಾವ್ ಲಿಂಡ್ನರ್ ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ. ತುಂಬ ಹೊತ್ತು ನೋಡಿದವಳು ಹಾಲ್‌ನ ಕೀಲಿಗೊಂಚಲು ಎತ್ತಿಕೊಂಡಳು. "ಹೀಟರ್ ಕೆಟ್ರ ಯಾರಿಗೆ ಫೋನ್ ಹಚ್ಚಬೇಕ್ರೀ ಸರ?"

ಅವಳು ಹೋದ ಮೇಲೆ ಬೆಂಗಳೂರಿಗೆ, ರಘುವಿಗೆ, ಫೋನ್ ಮಾಡಿದೆ. ಅವನು ಹೋದ ಮೇಲೆ ನಾನು ಮಾಡಿದ ಮೊದಲ ಫೋನು.

"ಥ್ಯಾಂಕ್ಸ್ ಕಣೋ."

"ಯಾತಕ್ಕೆ?"

"ನೀನು ಹೋಗಿದ್ದಕ್ಕೆ. ಇಲ್ದಿದ್ರೆ ನಾನಿನ್ನೂ ಫೋಟೋದಲ್ಲೇ ನಿಂತಿರ್ತಿದ್ದೆ."

"ಎಷ್ಟು ಬೈಕೊಂಡಿರ್ತೀಯೋ ಅಂತ ನಾನೇ ಫೋನ್ ಮಾಡೋಕೆ ಹೆದರ್ತಿದ್ದೆ ಮಗಾ."

"ಬೈಕೊಂಡೆ," ಎಂದೆ. "ಇವತ್ತು ಬೆಳಿಗ್ಗೆವರೆಗೂ."