ಅಪ್ಪನ ಮುಕ್ಕಾಲು ಲೀಟರ್ ನೀರು

ಅಪ್ಪನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಎಂದು ಡಾಕ್ಟರು ಹೇಳಿದ್ದರು. ಅದರಲ್ಲೇ ಕಾಫಿ, ಅದರಲ್ಲೇ ಮಜ್ಜಿಗೆ, ಮಾತ್ರೆ ನುಂಗುವ ಗುಟುಕೂ ಅದರಲ್ಲೇ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮುಳಬಾಗಿಲಿನ ನನ್ನ ಮನೆಯಲ್ಲಿಟ್ಟುಕೊಂಡು ವಾರಕ್ಕೆರಡು ಸಲ ಕೋಲಾರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೆ. ನೀರು ಹೆಚ್ಚಾದರೆ ಎದೆಗೆ ತುಂಬಿಕೊಂಡು ಉಸಿರೇ ಕಟ್ಟಬಹುದು ಎಂದಿದ್ದರು. ಬೆಳಿಗ್ಗೆ ಬಾಟಲಿಗೆ ಅಳೆದು ಹಾಕಿ, "ಇಷ್ಟೇ ಅಪ್ಪ, ಮತ್ತೆ ಕೇಳ್ಬೇಡ" ಎನ್ನುವುದೇ ನನ್ನ ದಿನದ ಮೊದಲ ಮಾತಾಗಿಬಿಟ್ಟಿತ್ತು.

ಸುಮ್ಮನೆ ಕೂರುವ ಜೀವವಲ್ಲ ಅದು. ಗಮನ ಬೇರೆ ಕಡೆ ತಿರುಗಲಿ ಎಂದು ಆಷಾಢದಲ್ಲಿ ನಾನೇ ಪೇಂಟಿನ ಖಾಲಿ ಬಕೆಟ್‌ಗಳನ್ನು ತಂದು ತಾರಸಿಯ ಮೇಲೆ ಸಾಲಾಗಿ ಇಟ್ಟೆ. ಎಂಥ ಬುದ್ಧಿವಂತೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಪ್ಪ ಮೊಳೆ ಕಾಯಿಸಿ ತಳಕ್ಕೆ ತೂತು ಮಾಡಿದ, ಕೆರೆಯ ಗೋಡುಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ತುಂಬಿದ, ಬದನೆ, ಟೊಮೊಟೊ, ಅವರೆ ಹಾಕಿದ.

"ಹೊಲದಾಗಾದ್ರೆ ಬೇರು ನೀರು ಹುಡುಕ್ಕೊಂಡು ಹೋಗ್ತದೆ ಕಣಮ್ಮ. ಇದೆಲ್ಲಿಗೆ ಹೋಗ್ತದೆ ಪಾಪ? ನಾವೇ ಕುಡಿಸ್ಬೇಕು" ಎಂದ.

ಗಿಡಗಳು ಚೆನ್ನಾಗಿಯೇ ಬಂದವು. ಟೊಮೊಟೊವನ್ನು ಅವನು ತಿನ್ನುವ ಹಾಗಿರಲಿಲ್ಲ, ಕಿಡ್ನಿಗೆ ಆಗದೆಂದು ಅದನ್ನೂ ಡಾಕ್ಟರು ಬೇಡ ಎಂದಿದ್ದರು. ಕಿತ್ತು ಬೀದಿಗೆಲ್ಲ ಹಂಚುತ್ತಿದ್ದ.

ದೀಪಾವಳಿಯ ಹೊತ್ತಿಗೆ ಡಯಾಲಿಸಿಸ್‌ಗೆ ಹೋದ ಪ್ರತಿ ಸಲವೂ ಅವನ ತೂಕ ಏರುತ್ತಾ ಬಂತು. ಮೈಯಲ್ಲಿ ನೀರು ನಿಂತು ಕಾಲು ಊದಿಕೊಂಡಿತು. "ಇವ್ರಿಗೆ ಮನೇಲಿ ನೀರು ಕೊಡ್ತಿರೋದ್ಯಾರು?" ಎಂದು ನರ್ಸ್ ಎಲ್ಲರೆದುರು ನನ್ನನ್ನು ಕೇಳಿದರು. ಮನೆಗೆ ಬಂದವಳೇ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯವಳ ಮೇಲೆ ಹರಿಹಾಯ್ದೆ. ಅಪ್ಪನನ್ನು ಮಾತನಾಡಿಸಲು ಬರುತ್ತಿದ್ದವಳು ಅವಳೊಬ್ಬಳೇ. "ನಾನ್ಯಾಕೆ ಕೊಡ್ಲಿ ಬೇಟಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ನಂಬಲಿಲ್ಲ.

ಎರಡು ದಿನ ಬಿಟ್ಟು ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಅಪ್ಪ ಬದನೆಗೆ ಒಂದು ಮಗ್ಗು ಹಾಕಿದ. ಇನ್ನೊಂದು ಮಗ್ಗು ಎತ್ತಿ ಗಟಗಟ ಕುಡಿದ. ಆಮೇಲೆ ಅವರೆಗೆ ಹಾಕಿದ.

"ಅಪ್ಪಾ!"

ಮಗ್ಗು ಕೈಯಿಂದ ಬಿತ್ತು. "ಗಿಡಕ್ಕೆ ಹಾಕ್ತಾ ಹಾಕ್ತಾ ತಡ್ಕೊಳ್ಳಕ್ಕಾಗಲ್ಲಮ್ಮ" ಎಂದ.

ಬಾಯಿಗೆ ಬಂದಂತೆ ಬೈದೆ. ತಾರಸಿ ಬಾಗಿಲಿಗೆ ಬೀಗ ಹಾಕಿ ನೀರು ಹಾಕುವ ಕೆಲಸ ನಾನೇ ಹಿಡಿದೆ. ಖಾಲಾ ಮನೆಗೆ ಹೋಗಿ ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅಪ್ಪನ ತೂಕ ಇಳಿಯಿತು, ಮಾತೂ ನಿಂತಿತು. ಮೆಟ್ಟಿಲ ಮೇಲೆ ಕೂತಿದ್ದು, ನಾನು ಇಳಿದು ಬಂದಾಗ ಅವರೆ ಹೂ ಬಿಟ್ಟಿತಾ ಎಂದಷ್ಟೇ ಕೇಳುತ್ತಿದ್ದ. ಬಿಟ್ಟಿರಲಿಲ್ಲ. ನನ್ನ ಕೈಯಲ್ಲಿ ಎಲೆಗಳು ಹಳದಿಯಾಗಿ ಉದುರುತ್ತಿದ್ದವು.

ತಡೆಯಲಾಗದೆ ಒಂದು ಬೆಳಿಗ್ಗೆ ಅವನನ್ನೂ ಕರೆದುಕೊಂಡು ಹೋದೆ. ಅವನು ತೋರಿಸಬೇಕು, ನಾನು ಹಾಕಬೇಕು ಎಂದು ಮಾತಾಗಿತ್ತು. ಅಪ್ಪ ಗಿಡದ ಕಡೆ ನೋಡಲೇ ಇಲ್ಲ, ಮಗ್ಗನ್ನೇ ನೋಡುತ್ತಿದ್ದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಕೊಂಚೆಂ ಕಣಮ್ಮ. ಒಂದೇ ಗುಟುಕು."

ಕೊಟ್ಟೆ. ಮಗ್ಗು ಖಾಲಿಯಾಗುವವರೆಗೂ ಕಸಿದುಕೊಳ್ಳಲು ನನ್ನ ಕೈ ಏಳಲಿಲ್ಲ. ಮರುದಿನವೂ ಕೊಟ್ಟೆ. ಅದರ ಮರುದಿನವೂ.

ಕೋಲಾರದಲ್ಲಿ ತೂಕ ನೋಡಿ ನರ್ಸ್ ರೇಗಿದರು. "ಯಾರು ಕೊಟ್ರು ಅಂತ ಹೇಳಿ ಅಜ್ಜ. ಜೀವ ಹೋಗ್ತದೆ, ಗೊತ್ತಾ ಅವ್ರಿಗೆ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಯಾರೂ ಕೊಡ್ಲಿಲ್ಲ ತಾಯಿ, ನಾನೇ ಕದ್ದು ಕುಡ್ದೆ. ಪಾಪ, ನನ್ನ ಮಗಳು ಕಾದೂ ಕಾದೂ ಸುಸ್ತಾಗವ್ಳೆ" ಎಂದ. ನರ್ಸ್ ಅವನನ್ನು ಚೆನ್ನಾಗಿ ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಪಕ್ಕದಲ್ಲೇ ಅವನ ಚಪ್ಪಲಿ ಹಿಡಿದು ನಿಂತಿದ್ದೆ.