ಹಳದಿ ಮನೆಯ ಬಿರುಕುಗಳು

ಬಸ್ಸು ಆ ತಿರುವಿಗೆ ಬಂದರೆ ಸಾಕು, ಕಂಡಕ್ಟರಮ್ಮನ ಕತ್ತು ತಾನಾಗಿಯೇ ಎಡಕ್ಕೆ ಹೊರಳುತ್ತಿತ್ತು. ಅಲ್ಲೊಂದು ಹಳದಿ ಮನೆ. ಕೆಳಗೊಂದು, ಮೇಲೊಂದು, ಎರಡು ಸಂಸಾರಕ್ಕೆ ಸಾಕಾಗುವಂಥದ್ದು. ಗೇಟಿಗೆ ತಂತಿಯಲ್ಲಿ ಬಿಗಿದ ಬೋರ್ಡು: ‘ಮನೆ ಮಾರಾಟಕ್ಕಿದೆ’. ಎರಡು ವರ್ಷದಿಂದ ಅದು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಾ ಅಲ್ಲೇ ನೇತಾಡುತ್ತಿತ್ತು. ದಿನಕ್ಕೆ ಆರು ಸಲ ಅದರ ಮುಂದೆ ಹಾದುಹೋಗುವ ಕಂಡಕ್ಟರಮ್ಮ ಆರು ಸಲವೂ ಓದುತ್ತಿದ್ದಳು, ಹೊಸದಾಗಿ ಏನೋ ಬರೆದಿರಬಹುದು ಅನ್ನುವ ಹಾಗೆ.

ಅವಳ ಬಾಲ್ಯವೆಲ್ಲ ಕಳೆದದ್ದು ಬಾಡಿಗೆ ಮನೆಗಳಲ್ಲಿ. ಅಪ್ಪ ಲಾರಿ ರಿಪೇರಿ ಮಾಡುವವನು. ಕೆಲಸ ಸಿಕ್ಕ ಕಡೆ ಸಂಸಾರ. ಹನ್ನೊಂದು ಮನೆ, ಹನ್ನೊಂದು ಮಾಲೀಕರು. ಒಬ್ಬ ಗೋಡೆಗೆ ಮೊಳೆ ಹೊಡೆಯಬೇಡಿ ಅಂದ. ಇನ್ನೊಬ್ಬಳು ರಾತ್ರಿ ಊಟವಾದ ಮೇಲೆ ನಲ್ಲಿ ತಿರುಗಿಸಬೇಡಿ ಅಂದಳು. ಮತ್ತೊಬ್ಬರಂತೂ ಮೇಲೆ ಮಕ್ಕಳು ಓಡಿದರೆ ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟುತ್ತಿದ್ದರು. ಮದುವೆಯಾದ ಮೇಲೆ ಗಂಡನ ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವಳ ಅರಮನೆ. ಇಪ್ಪತ್ತಾರು ವರ್ಷ ಟಿಕೆಟ್ ಹರಿದು, ಮಗಳನ್ನು ಓದಿಸಿ, ಅವಳ ಮದುವೆಯನ್ನೂ ಮಾಡಿ, ಒಂದಿಷ್ಟು ಕೂಡಿಟ್ಟದ್ದೂ ಆಗಿತ್ತು. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಆಮೇಲೆ ಕೈಗೆ ಬಾಡಿಗೆ ಬರುವಂತಿರಬೇಕು ಅನ್ನುವುದು ಮೇಲಿನ ಲೆಕ್ಕ. ಒಳಗಿನ ಆಸೆ ಬೇರೆಯೇ ಇತ್ತು: ತಾನೂ ಒಮ್ಮೆ ಮಾಲೀಕಳಾಗಬೇಕು, ಮಾಲೀಕರು ಹೀಗೂ ಇರಬಹುದು ಅಂತ ತೋರಿಸಿಬಿಡಬೇಕು.

ಒಂದು ರಜೆಯ ದಿನ ಧೈರ್ಯ ಮಾಡಿ ಬ್ರೋಕರಿಗೆ ಫೋನ್ ಮಾಡಿದಳು. ಖಾಲಿಯಿದ್ದ ಕೆಳಮನೆಯನ್ನು ಅವನು ತೆರೆದು ತೋರಿಸಿದ. ಅಷ್ಟೇ. ಅಡುಗೆಮನೆಯ ಕಿಟಕಿಯಿಂದ ಬಿದ್ದ ಬಿಸಿಲು, ನುಣ್ಣಗೆ ಸವೆದ ಕೆಂಪು ನೆಲ, ಗೋಡೆಯೊಳಗೇ ಕಟ್ಟಿದ ಕಪಾಟು ನೋಡಿ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಮನೆಗೆ ಓಡೋಡಿ ಬಂದು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನ ಕೈಯಿಂದ ಬಟ್ಟೆ ಕಿತ್ತುಕೊಂಡಳು.

“ರೀ, ನೋಡ್ದೆ ರೀ! ಒಳ್ಗೆ ಹೋಗ್ ನೋಡ್ದೆ! ಏನ್ ಬೆಳಕು ಅಂತೀರಿ! ನಾಳೆನೇ ಅಡ್ವಾನ್ಸ್ ಕೊಟ್ಬಿಡೋಣ.”

ಗಂಡ ಬಾಯಲ್ಲಿ ಕಚ್ಚಿದ್ದ ಸೂಜಿಯನ್ನು ತೆಗೆದು ಮೆತ್ತೆಗೆ ಚುಚ್ಚಿದ. “ಮೇಲ್ಮನೆ ನೋಡ್ದ್ಯಾ?”

“ಅಲ್ಲಿ ಬಾಡಿಗೆಯವರು ಇದ್ದಾರೆ. ಇವತ್ತು ಬಾಗಿಲು ತೆಗೀಲಿಲ್ಲ.”

“ಎರಡು ವರ್ಷದಿಂದ ಯಾರೂ ತಗೊಂಡಿಲ್ಲ. ಬೆಲೆ ಬೇರೆ ಕಡಿಮೆ. ಯಾಕೆ ಅಂತ ಕೇಳ್ದ್ಯಾ?”

ಕಂಡಕ್ಟರಮ್ಮ ಕಿತ್ತುಕೊಂಡಿದ್ದ ಬಟ್ಟೆಯನ್ನು ಅವನ ಕೈಗೇ ವಾಪಸ್ ಕೊಟ್ಟಳು.

“ಬಟ್ಟೆ ಕತ್ತರಿಸೋಕೆ ಮುಂಚೆ ನಾನು ಮೂರು ಸಲ ಅಳೀತೀನಿ,” ಅಂದ ಗಂಡ. “ಇದು ಮನೆ ಕಣೇ. ನಿನ್ನ ಮೇಸ್ತ್ರಿನ ಕರ್ಕೊಂಡು ಹೋಗು. ಅವನು ಹೂಂ ಅಂದ್ರೆ ನನ್ನದೂ ಹೂಂ.”

‘ನಿನ್ನ ಮೇಸ್ತ್ರಿ’ ಅಂದರೆ ಅವಳ ಬಸ್ಸಿನ ಹಳೆಯ ಪ್ರಯಾಣಿಕ. ಒಂದು ಕಾಲಕ್ಕೆ ಮೊದಲ ಬಸ್ಸಿಗೇ ಕರಣೆ, ತೂಗುಗುಂಡುಗಳ ಚೀಲ ಹೊತ್ತು ಹತ್ತುತ್ತಿದ್ದವನು ಈಗ ದೊಡ್ಡ ಕಂಟ್ರಾಕ್ಟರ್. ಕೈಕೆಳಗೆ ಮೂವತ್ತು ಜನ. ಆದರೂ ಕಂಡಕ್ಟರಮ್ಮನಿಗೆ ಅವನು ಮೇಸ್ತ್ರಿ ಅಣ್ಣನೇ. ಮಾತು ಕಡಿಮೆ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅನ್ನಲು ಅವನ ನಾಲಿಗೆ ತಿರುಗುತ್ತಿರಲಿಲ್ಲ. ವಿಷಯ ಕೇಳಿ ಅವನು ಒಂದೇ ಮಾತು ಹೇಳಿದ: “ಭಾನುವಾರ ಹತ್ತಕ್ಕೆ ಮುಂಚೆ. ನಾನು ಹೇಳೋ ತನಕ ನೀನು ಬಾಯಿ ಬಿಡ್ಬಾರ್ದು ತಂಗಿ.”

ಭಾನುವಾರ ಬ್ರೋಕರ್ ತೆರೆದುಕೊಟ್ಟ ಕೆಳಮನೆಯಲ್ಲಿ ಮೇಸ್ತ್ರಿ ಅರ್ಧ ಗಂಟೆ ಕಳೆದ. ಸಣ್ಣ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿ ಕಿವಿಯಿಟ್ಟು ಕೇಳಿದ. ಬಚ್ಚಲಿಗೆ ಎರಡು ಬಕೆಟ್ ನೀರು ಸುರಿದು ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಗಡಿಯಾರ ನೋಡಿದ. ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಬಾಯಿ ಬಿಡಬಾರದು ಅಂದಿದ್ದರಿಂದ ಕಂಡಕ್ಟರಮ್ಮ ಸೆರಗಿನ ತುದಿಯನ್ನು ತಿರುಚಿ ತಿರುಚಿ ಹಗ್ಗ ಮಾಡಿದ್ದಳು.

ಮೇಲ್ಮನೆಯ ಬಾಗಿಲು ತೆರೆದವರು ಎಪ್ಪತ್ತು ದಾಟಿದ ತೆಳ್ಳಗಿನ ಹೆಂಗಸು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು, ಒಂಟಿ ಜೀವ. “ಬನ್ನಿ, ಪಾಪ, ನೋಡಿ,” ಅಂತ ಸಾವಿನ ಮನೆಗೆ ಬಂದವರನ್ನು ಕರೆಯುವ ದನಿಯಲ್ಲಿ ಕರೆದರು. ಬ್ರೋಕರ್ ಕೆಳಗೇ ಫೋನಿನಲ್ಲಿದ್ದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು.

“ನಿಮ್ಮನ್ನ ನೋಡಿದ್ರೆ ಒಳ್ಳೆಯವರ ಹಾಗೆ ಕಾಣ್ತೀರಿ, ಅದಕ್ಕೆ ಹೇಳ್ತೀನಿ. ಈ ಮನೆ ಬೇಡಮ್ಮ. ನೋಡಿ, ಗೋಡೆ ಹೇಗೆ ಜಿನುಗ್ತಿದೆ.”

ನಿಜ. ಹಾಲಿನ ಗೋಡೆಯ ಮೇಲೆ ಮೊರದಗಲ ಒದ್ದೆ.

“ಅಲ್ಲಿ ನೋಡಿ, ಬಿರುಕು. ಹೋದ ವರ್ಷ ಇಷ್ಟೇ ಇತ್ತು, ಈಗ ಕಿಟಕಿವರೆಗೂ ಬಂದಿದೆ.”

ಅದೂ ನಿಜ. ಸೂರಿನ ಮೂಲೆಯಿಂದ ಹೊರಟ ಕಪ್ಪು ಬಿರುಕು, ಮಿಂಚಿನ ಹಾಗೆ ಕವಲೊಡೆದು, ಕಿಟಕಿಯ ಚೌಕಟ್ಟಿಗೆ ಬಂದು ಮುಟ್ಟಿತ್ತು.

“ಬಸ್ಸು ಲಾರಿ ಹೋದ್ರಂತೂ ಪಾತ್ರೆಯೆಲ್ಲ ಕುಣಿಯುತ್ತೆ. ತಳಪಾಯ ಸಡಿಲ ಅಂತ ಕಾಣುತ್ತೆ.”

ಗೋಡೆ ಒಡೆದ ಮನೆಗೆ ಯಾರನ್ನು ಕರೆತಂದು ಇರಿಸುವುದು? ಕಂಡಕ್ಟರಮ್ಮ ಮೇಸ್ತ್ರಿಯ ಮುಖ ನೋಡಿದಳು. ಅವನು ಒದ್ದೆಯ ಮೇಲೆ ಅಂಗೈ ಇಟ್ಟು ಹಿಂತೆಗೆದ. ಮತ್ತೆ ಇಟ್ಟ. ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡ. ಅವನ ಮೀಸೆಯ ಒಂದು ತುದಿ ಸಣ್ಣಗೆ ಅಲುಗಿತು.

“ಕುಡಿಯೋಕೆ ಒಂದು ಲೋಟ ನೀರು ಕೊಡ್ತೀರಾ ಟೀಚರ್? ತುಂಬಾ ತುಂಬಿಸಿ.”

ಟೀಚರ್ ತಂದುಕೊಟ್ಟರು. ಅವನು ಕುಡಿಯಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಟ್ಟು, “ತಂಗೀ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ?” ಅಂದ.

ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡು ನಿಂತಿದ್ದವಳಿಗೆ ಜೀವ ಬಂದಂತಾಯಿತು. “ಒಂಬತ್ತೂ ಐವತ್ತರದ್ದು. ಇನ್ನೆರಡು ನಿಮಿಷ. ಭಾನುವಾರ ಅಂದ್ರೆ ತುಂಬಿ ತುಳುಕ್ತಿರುತ್ತೆ.”

ಮೂವರೂ ಲೋಟವನ್ನೇ ನೋಡುತ್ತಾ ನಿಂತರು. ಬಸ್ಸು ಗುಡುಗುತ್ತಾ ಬಂತು, ತಿರುವಿನಲ್ಲಿ ಗೇರು ಬದಲಿಸಿತು, ಹೋಯಿತು. ಲೋಟದ ನೀರು ಕದಲಲಿಲ್ಲ.

ಮೇಸ್ತ್ರಿ ಒಂದು ಸ್ಟೂಲು ಎಳೆದುಕೊಂಡು ಹತ್ತಿ, ಬಿರುಕಿನ ಮೇಲೆ ಹೆಬ್ಬೆರಳಿಟ್ಟು ಒರೆಸಿದ. ಮಿಂಚಿನ ಒಂದು ಕವಲು ಅವನ ಬೆರಳಿಗೆ ಅಂಟಿಕೊಂಡು ಬಂತು.

“ಪೆನ್ಸಿಲ್ಲು,” ಅಂದ. ಇನ್ನೂ ಹತ್ತಿರ ಹೋಗಿ ನೋಡಿದಾಗ, ಅವನಿಗೇ ಗೊತ್ತಿಲ್ಲದ ಹಾಗೆ ದನಿಯಲ್ಲಿ ಗೌರವ ಸೇರಿಕೊಂಡಿತು. “ಅಬ್ಬಾ! ಒಂದು ಅಂಚಿಗೆ ನೆರಳು ಬೇರೆ ಕೊಟ್ಟಿದ್ದೀರಿ! ಮೂವತ್ತು ವರ್ಷ ಗೋಡೆ ನೋಡಿದವನು ನಾನು, ನನಗೇ ಮೋಸ ಮಾಡ್ತಲ್ಲ ಇದು! ಆ ಒದ್ದೆಗೆ ಮಾತ್ರ ಸೋಪಿನ ನೀರು ಬಳಸಬಾರದಿತ್ತು ಟೀಚರ್. ಸೋರೋ ಗೋಡೆ ಘಮಘಮ ಅನ್ನಲ್ಲ. ಬಣ್ಣ ಉಬ್ಬಿರುತ್ತೆ, ಉಪ್ಪು ಬಿಟ್ಟಿರುತ್ತೆ.”

ಟೀಚರ್ ಕುರ್ಚಿಯಲ್ಲಿ ಕುಸಿದು ಕೂತರು. ಕೆನ್ನೆ ಕೆಂಪಾಯಿತು, ಕಣ್ಣು ತುಂಬಿತು.

“ನಾಲ್ಕು ಸಂಸಾರನ ಹಿಂಗೇ ವಾಪಸ್ ಕಳಿಸಿದೆ. ಬಂದವರೆಲ್ಲ ಮೊದಲು ಕೇಳೋದು, ಮೇಲಿನವರು ಯಾವಾಗ ಖಾಲಿ ಮಾಡ್ತಾರೆ ಅಂತ. ಹತ್ತೊಂಬತ್ತು ವರ್ಷ ಈ ಕಿಟಕಿ ಹತ್ರ ಕೂತು ಚಿತ್ರ ಬರ್ದಿದ್ದೀನಮ್ಮ. ಈ ವಯಸ್ಸಲ್ಲಿ ಒಂಟಿ ಹೆಂಗಸಿಗೆ ಯಾರು ಮನೆ ಕೊಡ್ತಾರೆ?”

ಮೇಸ್ತ್ರಿ ಸ್ಟೂಲಿನಿಂದ ಇಳಿದ. ಕಂಡಕ್ಟರಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಟೀಚರ್ ಅದನ್ನು ಸಿಟ್ಟು ಅಂದುಕೊಂಡರು. ಆದರೆ ತಡೆಯಲಾರದೆ ಅವಳಿಂದ ಹೊರಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು, ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಂಥ ನಗು.

“ಅಯ್ಯೋ ಟೀಚರ್! ನಮ್ಮಮ್ಮನಿಗೆ ಇಂಥ ಕೈಚಳಕ ಇದ್ದಿದ್ರೆ ನಾವು ಹನ್ನೊಂದು ಮನೆ ಯಾಕೆ ಬದಲಾಯಿಸ್ತಿದ್ವಿ!” ಅನ್ನುತ್ತಾ ಅವರ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. “ನೀವು ಎಲ್ಲಿಗೂ ಹೋಗ್ಬೇಡಿ. ನಾನು ತಗೊಂಡ್ರೆ ನೀವು ಇಲ್ಲೇ. ಕಾಗದದಲ್ಲಿ ಬರ್ದು ಕೊಡ್ತೀನಿ. ಮೇಸ್ತ್ರಿ ಅಣ್ಣಾ, ಈಗ ಹೇಳು! ಹೂಂ ಅನ್ನು!”

“ತಡಿ,” ಅಂದ ಮೇಸ್ತ್ರಿ. ಅವನು ಟೀಚರ್ ಕಡೆ ತಿರುಗಿದ. “ಸುಳ್ಳು ಬಿರುಕು ನೋಡಿದ್ದಾಯ್ತು. ನಿಜವಾದ್ದು ಎಲ್ಲಿದೆ? ಹತ್ತೊಂಬತ್ತು ವರ್ಷ ಇದ್ದವರಿಗೆ ಗೊತ್ತಿಲ್ಲದ ಹುಳುಕು ಇರಲ್ಲ.”

ಟೀಚರ್ ಎದ್ದು ಬಾಲ್ಕನಿಯ ಬಾಗಿಲ ಮುಂದಿದ್ದ ಭಾರದ ಪೆಟ್ಟಿಗೆಯನ್ನು ತೋರಿಸಿದರು. “ಎರಡು ವರ್ಷ ಆಯ್ತು, ಅಲ್ಲಿಗೆ ಕಾಲಿಟ್ಟಿಲ್ಲ. ಒಂದು ದಿನ ಕೆಳಗೆ ಕಾಂಕ್ರೀಟಿನ ತುಂಡು ಬಿದ್ದಿತ್ತು. ಇದನ್ನ ಮಾತ್ರ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಮನೆನೇ ಕೆಡವಿಬಿಡ್ತಾರೆ ಅಂತ ಭಯ.”

ಮೇಸ್ತ್ರಿ ಕೆಳಗಿಳಿದು ಏಣಿ ಹಾಕಿಕೊಂಡು ಬಾಲ್ಕನಿಯ ಅಡಿಗೆ ಸ್ಕ್ರೂಡ್ರೈವರ್ ಚುಚ್ಚಿದ. ಹಳೇ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಒಳಗಿನ ಕಂಬಿ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ಅವನ ಮುಖದ ತಮಾಷೆಯೆಲ್ಲ ಮಾಯವಾಯಿತು.

“ಇದರ ಕೆಳಗೆ ಯಾರೂ ನಿಲ್ಲಬಾರದು. ಇವತ್ತೇ ಸುತ್ತ ಹಗ್ಗ ಕಟ್ಟಿ. ಮನೆ ಮಿಕ್ಕ ಕಡೆ ಗಟ್ಟಿ, ತಂಗಿ. ಆದ್ರೆ ಬಾಲ್ಕನಿ ಒಡೆದು ಹೊಸದಾಗಿ ಹಾಕ್ಬೇಕು. ನೀರಿನ ಪೈಪೂ ಹಳೇದು, ಎರಡು ಮೂರು ವರ್ಷದಲ್ಲಿ ಬದಲಾಯಿಸ್ಬೇಕಾಗುತ್ತೆ. ಎಲ್ಲ ಬರ್ದು ಕೊಡ್ತೀನಿ. ಅದನ್ನ ಮಾಲೀಕರ ಮುಂದೆ ಇಟ್ಟು ಮಾತಾಡು. ಅಲ್ಲೀತನಕ ಒಂದು ಕಾಸೂ ಕೊಡ್ಬೇಡ.”

ಹೂಂ ಅನ್ನಲಿಲ್ಲ ಅವನು. ಆದರೆ ಅವನ ಬಾಯಲ್ಲಿ ‘ಗಟ್ಟಿ’ ಅನ್ನುವ ಮಾತು ಬಂದದ್ದನ್ನು ಕಂಡಕ್ಟರಮ್ಮ ಅದುವರೆಗೆ ಕೇಳಿರಲೇ ಇಲ್ಲ.

ಮನೆಯ ಮಾಲೀಕರು ದೂರದ ಊರಿನಲ್ಲಿದ್ದ ವಯಸ್ಸಾದ ಡಾಕ್ಟರು. ಮೇಸ್ತ್ರಿ ಬರೆದುಕೊಟ್ಟ ಎರಡು ಪುಟವನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಫೋನ್ ಮಾಡಿದಾಗ ಗಂಡ ಪಕ್ಕದಲ್ಲೇ ಕೂತಿದ್ದ. ಬಾಲ್ಕನಿಯ ಮಾತು ಮುಗಿಸಿದಳು, ಪೈಪಿನ ಮಾತು ಮುಗಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆಲೆ ಇಳಿದದ್ದೇ ಆ ಪೆನ್ಸಿಲ್ ಬಿರುಕಿನಿಂದ ಅನ್ನುವುದನ್ನು ಮುಚ್ಚಿಡಲು ಅವಳ ಮನಸ್ಸು ಒಪ್ಪಲಿಲ್ಲ. ಗಂಡ ಕಣ್ಣಲ್ಲೇ ‘ಹೇಳು’ ಅಂದ.

“ಇನ್ನೊಂದು ವಿಷ್ಯ ಸಾರ್. ಮೇಲಿನ ಗೋಡೆಗಳಿಗೆ ಏನೂ ಆಗಿಲ್ಲ. ಜನ ಹೇಳಿದ ಬಿರುಕು ಬಿರುಕಲ್ಲ, ಪೆನ್ಸಿಲ್ ಗೆರೆ. ಟೀಚರಿಗೆ ಮನೆ ಬಿಡೋ ಮನಸ್ಸಿಲ್ಲ, ಅದಕ್ಕೆ... ಅವರ ಮೇಲೆ ಸಿಟ್ಟಾಗ್ಬೇಡಿ.”

ಆ ಕಡೆಯಿಂದ ಒಂದು ಕೆಮ್ಮು, ಕೆಮ್ಮಿನ ಹಿಂದೆಯೇ ನಗು.

“ಟೀಚರಾ? ಬರ್ದಿದ್ರಾ? ಎರಡು ವರ್ಷದಿಂದ ನನಗೆ ಈ ಮನೆ ಬಗ್ಗೆ ಒಬ್ಬರೂ ನಿಜ ಹೇಳಿರ್ಲಿಲ್ಲಮ್ಮ, ಬ್ರೋಕರೂ ಸೇರಿ. ಬೆಲೆ ಇದ್ದದ್ದೇ ಇರಲಿ. ಬಾಲ್ಕನಿ ಖರ್ಚು ನಿಮ್ಮದು. ಅವರನ್ನ ಮಾತ್ರ ಎಬ್ಬಿಸ್ಬೇಡಿ.”

ಫೋನ್ ಇಟ್ಟ ಕಂಡಕ್ಟರಮ್ಮ ಅಂಗಡಿಯೊಳಗೆ ಒಂದು ಸುತ್ತು ಸುತ್ತಿದಳು, ಹೊರಗೆ ಹೋದಳು, ಒಳಗೆ ಬಂದಳು. ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಅಳೆಯುವ ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದ ಗಂಡ ಅವಳನ್ನು ನೋಡಿ ನಕ್ಕು, “ನನ್ನದೂ ಹೂಂ,” ಅಂದ.

ನೋಂದಣಿಯಾದ ವಾರಕ್ಕೇ ಮೇಸ್ತ್ರಿಯ ಕಡೆಯವರು ಬಂದು ಬಾಲ್ಕನಿಯನ್ನು ಒಡೆದು ಹಾಕಿದರು. ಹೊಸದು ಗಟ್ಟಿಯಾಗುವವರೆಗೆ ಮೂರು ವಾರ ಆಧಾರಕ್ಕೆ ಕಂಬ ನಿಲ್ಲಿಸಿದ್ದರು. ಕಂಡಕ್ಟರಮ್ಮ ದಿನಾ ಕೆಲಸ ಮುಗಿಸಿ ಬಂದು, ಅದು ಓಡಿಹೋಗಿಬಿಡಬಹುದು ಅನ್ನುವಂತೆ ಒಮ್ಮೆ ನೋಡಿ ಹೋಗುತ್ತಿದ್ದಳು.

ಕೆಳಮನೆಗೆ ಬಾಡಿಗೆಯವರನ್ನು ಹುಡುಕುವ ಹೊತ್ತಿಗೆ, ಬಂದವರಿಗೆ ಮನೆ ತೋರಿಸುವ ಕೆಲಸ ತನಗೇ ಬಿಡಿ ಅಂತ ಟೀಚರ್ ಹಟ ಹಿಡಿದರು. ಮೊದಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಟೀಚರ್ ಅವರಿಗೆ ಗೋಡೆಯ ಗಟ್ಟಿತನ, ಗಾಳಿ, ಬೆಳಕು ಎಲ್ಲ ಹೊಗಳಿ ಹೊಗಳಿ, ನಲ್ಲಿಯ ನೀರು ಜೇನಿನ ಹಾಗಿದೆ ಅನ್ನುವವರೆಗೆ ಬಂದರು.

“ಟೀಚರ್, ಸಾಕು ಸಾಕು!” ಅಂತ ಕಂಡಕ್ಟರಮ್ಮ ಮೆಟ್ಟಿಲ ಬಳಿಯಿಂದಲೇ ಕೂಗಿದಳು. “ಬೆಳಗ್ಗೆ ಎಂಟು ಗಂಟೆಗೆ ನೀರು ನಿಧಾನವಾಗಿ ಬರುತ್ತೆ, ಅದನ್ನೂ ಹೇಳಿಬಿಡಿ.”

ಹುಡುಗಿ ಗಂಡನ ಮುಖ ನೋಡಿದಳು. ಅವನು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ಬಿಸಿಲಿಗೆ ಕೈಯೊಡ್ಡಿ ನಿಂತ. “ನಾವು ಏಳಕ್ಕೇ ಹೊರಡ್ತೀವಿ ಆಂಟಿ,” ಅಂದಳು ಹುಡುಗಿ. “ಯಾವತ್ತಿಂದ ಬರಬಹುದು?”

“ನಾಳೆಯಿಂದಲೇ!” ಅಂದರು ಮಾಲೀಕಳೂ ಟೀಚರೂ ಒಟ್ಟಿಗೆ.