ಕೊಡವದ ತುಪ್ಪಟ
ನಮ್ಮ ಸ್ವಾನೇತಿಯ ಕಣಿವೆಯಲ್ಲಿ ಊರಿಗೊಬ್ಬ ಬಿಮುರ್ಜಾ ಎಂಬ ಹೆಸರಿನವನು ಇದ್ದೇ ಇರುತ್ತಾನೆ. ನಮ್ಮೂರಿನವನ ಬಾಯಿ ಮಾತ್ರ ಮೂರೂರಿಗೆ ಸಾಕು. ಹಿಮ ಕರಗಿ ಹೊಳೆ ಉಕ್ಕಿತೆಂದರೆ ಕುರಿದೊಗಲನ್ನು ಹಲಗೆಗೆ ಬಡಿದು, ತುಪ್ಪಟ ಮೇಲಾಗಿ ನೀರಿನಲ್ಲಿ ಹಾಸಿ, ಕಲ್ಲು ಹೇರಿ ಬರುತ್ತಾನೆ. ಮರಳು ಹರಿದುಹೋಗುತ್ತದೆ, ಚಿನ್ನದ ಕಣ ಉಣ್ಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ತೊಗಲನ್ನು ಎತ್ತಿ ಒಣಗಿಸಿ ಕೊಡವಿದರೆ ಕಣ ಕೆಳಗೆ ಉದುರುತ್ತದೆ. ಜೇಸನ್ ಎಂಬ ಗ್ರೀಕ ಹಡಗಿನಲ್ಲಿ ಬಂದು ನಮ್ಮ ಚಿನ್ನದ ತುಪ್ಪಟ ಕದ್ದ ಪುರಾಣವನ್ನು ಅವನು ಹೋದ ವಾರದ ಕಳ್ಳತನದಂತೆ ಹೇಳುತ್ತಾನೆ. ಪ್ರವಾಸಿಗರನ್ನು ಕಂಡರೆ, "ಬಾಗ್ಲು ಹಾಕ್ಕೊಳ್ರೋ, ಸಮುದ್ರದ ಕಡೆಯೋರು ಬಂದ್ರು!" ಎಂದು ಕೂಗಿ, ಆಮೇಲೆ ತಾನೇ ಒಳಗೆ ಕರೆದು ಮಾಂಸ ತುಂಬಿದ ರೊಟ್ಟಿ ತಿನ್ನಿಸುತ್ತಾನೆ. ಈ ಬೇಸಗೆಯಲ್ಲಿ ರಾಜಧಾನಿ ತ್ಬಿಲಿಸಿಯಿಂದ ಬಂದ ಭೂವಿಜ್ಞಾನಿ ತ್ಸಿಯಾಲಾ, "ತಾತ, ಬೆಟ್ಟದ ಬಂಡೆಯಿಂದ್ಲೇ ಚಿನ್ನ ಕೊಚ್ಕೊಂಡು ಹೊಳೆಗೆ ಬರ್ತಿದೆ. ಆ ಕಥೆ ಹುಟ್ಟಿದ್ದೇ ನಿಮ್ಮ ಈ ತೊಗಲಿಂದ ಇರ್ಬೇಕು" ಎಂದಳು. "ಮಾಲು ನಮ್ದೇ ಅಂತ ಬಂಡೇನೇ ಸಾಕ್ಷಿ ಹೇಳ್ತಲ್ಲ, ಇನ್ನು ಆ ಕಳ್ಳನ್ನ ಹಿಡ್ಕೊಂಡ್ ಬಾ!" ಎಂದು ಅವನು ನಗುತ್ತಾ ತೊಡೆ ತಟ್ಟಿದ. ಅವಳು ಗೋಡೆಯ ಮೇಲೆ ಮಿನುಗುತ್ತಿದ್ದ ಹಳೆಯ ತುಪ್ಪಟವೊಂದನ್ನು ತೋರಿಸಿ, ಪರೀಕ್ಷೆಗೆ ಇದನ್ನು ಕೊಡವಿಕೊಳ್ಳಲೇ ಎಂದಾಗ ಮಾತ್ರ ಅವನ ನಗು ನಿಂತಿತು. "ಹಾಸಿದ ಕೈಯೇ ಕೊಡವ್ಬೇಕು ಮಗಳೇ, ನಮ್ಮಲ್ಲಿ ಹಾಗೆ. ಇದು ನಾನುಲಿ ಹಾಸಿದ್ದು." ನಾನುಲಿ ಅವನ ಹೆಂಡತಿ, ಹಾಸಿ ಬಂದವಳು ಅದನ್ನು ಎತ್ತುವ ಮೊದಲೇ ತೀರಿಕೊಂಡಳು. ಚಳಿಗಾಲದಲ್ಲಿ, ಸತ್ತವರು ಮನೆಗೆ ಊಟಕ್ಕೆ ಬರುವ ನಮ್ಮ ಹಬ್ಬದಂದು, ಬಿಮುರ್ಜಾ ಆ ತುಪ್ಪಟವನ್ನು ಅವಳ ಕುರ್ಚಿಯ ಮೇಲೆ ಹಾಸುತ್ತಾನೆ. ಮರುದಿನ ಬೆಳಿಗ್ಗೆ, ಕಸ ಗುಡಿಸುವ ಮೊದಲು, ಮೊಣಕಾಲೂರಿ ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತಾನೆ.